ಹದಿನಾಲ್ಕು ತುಂಬಿದ ಮೇಲೆ: ಮೂಲಭೂತ ಹಕ್ಕುಗಳ ಘಟಕ ಬೋಧಿಸಿದ ಅನುಭವ

ಈ ಸಲದ ಬೋಧನಾಭ್ಯಾಸದಲ್ಲಿ ನನಗೆ ಹಂಚಿಕೆಯಾದದ್ದು ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನ, ಅದರಲ್ಲೂ ಮೂಲಭೂತ ಹಕ್ಕುಗಳ ಭಾಗ. ಶಾಲೆ ತಿಕೋಟಾ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಸೊಲ್ಲಾಪುರ ರಸ್ತೆಯಲ್ಲಿರುವ ನಮ್ಮ ಕಾಲೇಜಿನಿಂದ ಬಸ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ ಹಿಡಿದು ಹೋಗಬೇಕಿತ್ತು. ಗೆಳತಿಯರಲ್ಲಿ ಕೆಲವರಿಗೆ ಬಬಲೇಶ್ವರ ಕಡೆಯ ಶಾಲೆಗಳು, ಕೆಲವರಿಗೆ ನಗರದೊಳಗಿನ ಶಾಲೆಗಳು ಬಂದಿದ್ದವು. ಹಕ್ಕುಗಳ ಘಟಕ ಬಂದವರನ್ನು ಉಳಿದವರು ಅದೃಷ್ಟವಂತರೆಂದೇ ಎಣಿಸುತ್ತಾರೆ. ಆರು ಹಕ್ಕುಗಳು, ಆರು ಎಸಳಿನ ಒಂದು ಚಾರ್ಟ್, ಕೊನೆಯಲ್ಲಿ ಐದು ಮೌಲ್ಯಮಾಪನ ಪ್ರಶ್ನೆಗಳು. ಪಾಠ ಟಿಪ್ಪಣಿ ಬರೆಯುವುದು ಸುಲಭ ಎಂಬ ಮಾತು ನಮ್ಮಲ್ಲಿ ಮೊದಲಿನಿಂದಲೂ ಇದೆ.

ಚಾರ್ಟ್ ನಾನೂ ಮಾಡಿದ್ದೆ. 14ರಿಂದ 18ನೆಯ ವಿಧಿಯವರೆಗೆ ಸಮಾನತೆಯ ಹಕ್ಕು, 19ರಿಂದ 22ರವರೆಗೆ ಸ್ವಾತಂತ್ರ್ಯದ ಹಕ್ಕು, 23 ಮತ್ತು 24 ಶೋಷಣೆಯ ವಿರುದ್ಧದ ಹಕ್ಕು, 25ರಿಂದ 28 ಧಾರ್ಮಿಕ ಸ್ವಾತಂತ್ರ್ಯ, 29 ಮತ್ತು 30 ಸಾಂಸ್ಕೃತಿಕ ಮತ್ತು ಶೈಕ್ಷಣಿಕ ಹಕ್ಕು, 32 ಸಂವಿಧಾನಾತ್ಮಕ ಪರಿಹಾರದ ಹಕ್ಕು. ಆಸ್ತಿಯ ಹಕ್ಕು 1978ರ 44ನೆಯ ತಿದ್ದುಪಡಿಯಿಂದ ಮೂಲಭೂತ ಹಕ್ಕಿನ ಪಟ್ಟಿಯಿಂದ ಹೊರಬಂದು, 300-ಎ ವಿಧಿಯಲ್ಲಿ ಕಾನೂನಾತ್ಮಕ ಹಕ್ಕಾಗಿ ಉಳಿದಿದೆ ಎಂಬುದನ್ನು ಒಂದು ಮೂಲೆಯಲ್ಲಿ ಬರೆದಿದ್ದೆ. ಇಷ್ಟನ್ನು ಯಾವ ಪ್ರಶಿಕ್ಷಣಾರ್ಥಿಯಾದರೂ ಹೇಳಿಕೊಡಬಹುದು. ಈ ಬರಹ ಅದರ ಬಗ್ಗೆ ಅಲ್ಲ. ಆ ತರಗತಿಯ ಇಬ್ಬರು ಮಕ್ಕಳು ಕೇಳಿದ ಎರಡು ಪ್ರಶ್ನೆಗಳು, ಅವು ನನ್ನ ಪಾಠಯೋಜನೆಯನ್ನು ಎಲ್ಲಿಗೆ ಒಯ್ದವು ಎಂಬುದನ್ನು ಮುಂದೆ ಇದೇ ಘಟಕ ತೆಗೆದುಕೊಳ್ಳುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ದ್ರಾಕ್ಷಿ ತೋಟ ಕಾರ್ಖಾನೆಯೇ?

ದಸರಾ ರಜೆ ಮುಗಿದು ಶಾಲೆ ತೆರೆದ ವಾರವದು. ನಮ್ಮ ಕಡೆ ಅದು ದ್ರಾಕ್ಷಿ ಬಳ್ಳಿಯ ಚಾಟಣಿಯ ಕಾಲ. ತಿಕೋಟಾ, ಬಬಲೇಶ್ವರ ಭಾಗದ ತೋಟಗಳಲ್ಲಿ ಕೈಗೆ ಬಿಡುವಿರುವುದಿಲ್ಲ. 41 ಮಕ್ಕಳ ಹಾಜರಿಪುಸ್ತಕದಲ್ಲಿ ಆ ದಿನ ಹದಿಮೂರು ಮಕ್ಕಳ ಮುಂದೆ ಗೈರುಹಾಜರಿಯ ಗುರುತಿತ್ತು. ನಾನು 24ನೆಯ ವಿಧಿಯನ್ನು ವಿವರಿಸುತ್ತಿದ್ದೆ: ಹದಿನಾಲ್ಕು ವರ್ಷದೊಳಗಿನ ಯಾವ ಮಗುವನ್ನೂ ಕಾರ್ಖಾನೆಯಲ್ಲಿ, ಗಣಿಯಲ್ಲಿ ಅಥವಾ ಅಪಾಯಕಾರಿ ಉದ್ಯೋಗದಲ್ಲಿ ದುಡಿಸಿಕೊಳ್ಳುವಂತಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಟೀಚರ್, ದ್ರಾಕ್ಷಿ ತೋಟ ಅಂದ್ರ ಕಾರ್ಖಾನಿ ಏನ್ರಿ?"

ಮಕ್ಕಳು ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ವಿಧಿಯ ಅಕ್ಷರಗಳನ್ನೇ ಹಿಡಿದರೆ ಹೊಲ ಮತ್ತು ತೋಟ ಅದರಲ್ಲಿ ಇಲ್ಲ. ಆ ಹುಡುಗ ಸಂವಿಧಾನದ ಒಂದು ವಾಕ್ಯವನ್ನು ವಕೀಲರು ಓದುವ ಹಾಗೆ ಓದಿದ್ದ. ಅದನ್ನು ತರಗತಿಯಲ್ಲಿ ಹೇಳಿದೆ, ಅವನಿಗೆ ಖುಷಿಯಾಯಿತು. ಆಮೇಲೆ ಕಪ್ಪುಹಲಗೆಯಲ್ಲಿ ಎರಡು ಗೆರೆ ಎಳೆದು, ಮೇಲೆ ಸಂವಿಧಾನ, ಕೆಳಗೆ ಕಾಯ್ದೆ ಎಂದು ಬರೆದೆ. ಸಂವಿಧಾನ ಕನಿಷ್ಠ ಮಟ್ಟವನ್ನು ಹೇಳುತ್ತದೆ. ಸಂಸತ್ತು ಮಾಡುವ ಕಾಯ್ದೆ ಅದಕ್ಕಿಂತ ಮುಂದೆ ಹೋಗಬಹುದು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದ ಮೇಲೆ ಹದಿನಾಲ್ಕರೊಳಗಿನ ಮಗುವನ್ನು ಯಾವುದೇ ಉದ್ಯೋಗದಲ್ಲಿ ದುಡಿಸಿಕೊಳ್ಳುವುದು ಅಪರಾಧ. ದ್ರಾಕ್ಷಿ ತೋಟದ ಕೂಲಿಯೂ ಅದರಲ್ಲಿ ಬಂತು. ಒಂದು ವಿನಾಯಿತಿ ಇದೆ: ಶಾಲೆಯ ಅವಧಿ ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮಗು ತನ್ನ ಮನೆಯವರಿಗೆ ನೆರವಾಗಬಹುದು. ತಾಯಿತಂದೆ, ಅಣ್ಣತಮ್ಮ, ಅಕ್ಕತಂಗಿ, ತಾಯಿತಂದೆಯರ ಒಡಹುಟ್ಟಿದವರು ಇಷ್ಟು ಜನ ಈ ಕಾಯ್ದೆಯ ಲೆಕ್ಕದಲ್ಲಿ ಕುಟುಂಬ.

"ಹಂಗಾರ ಸೋದರಮಾವನ ತೋಟದಾಗ ಸಂಜೀಕ ಹೋಗಬೋದು, ಗೌಡರ ತೋಟಕ್ಕ ಮುಂಜಾನೆ ಹೋಗಬಾರದು" ಎಂದು ಅದೇ ಹುಡುಗ ಸಾರಾಂಶ ಹೇಳಿದ. ನಾನು ಬರೆದಿಟ್ಟುಕೊಂಡಿದ್ದ ಸಾರಾಂಶಕ್ಕಿಂತ ಅದು ಚೆನ್ನಾಗಿತ್ತು. ಹಲಗೆಯ ಮೇಲೆ ಅವನ ವಾಕ್ಯವನ್ನೇ ಬರೆದೆ.

ಹಕ್ಕು ಮುಗಿಯುತ್ತದೆಯೇ?

ಎರಡನೆಯ ಪ್ರಶ್ನೆ ಮಾರನೆಯ ದಿನ ಬಂತು. ಶಿಕ್ಷಣದ ಹಕ್ಕಿನ ಪಾಠಕ್ಕೆ ನಾನು ಕರ್ನಾಟಕದ ಪ್ರಕರಣವೊಂದನ್ನೇ ಆಯ್ದುಕೊಂಡಿದ್ದೆ. ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಬಯಸಿದಳು. ಆಗಿನ ರಾಜ್ಯ ಸರ್ಕಾರದ ಅಧಿಸೂಚನೆಯ ಪ್ರಕಾರ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000 ರೂಪಾಯಿವರೆಗೆ, ಹೊರ ರಾಜ್ಯದವರಿಗೆ 60,000 ರೂಪಾಯಿವರೆಗೆ ಶುಲ್ಕ. ಅಷ್ಟು ಹಣ ಕಟ್ಟಲಾಗದ ಆಕೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಳು. 1992ರ ಜುಲೈ 30ರಂದು ತೀರ್ಪು ಬಂತು: 21ನೆಯ ವಿಧಿಯ ಬದುಕುವ ಹಕ್ಕಿನೊಳಗೆ ಶಿಕ್ಷಣದ ಹಕ್ಕೂ ಸೇರಿದೆ. ಮುಂದಿನ ವರ್ಷ, 1993ರಲ್ಲಿ, ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರು ನ್ಯಾಯಾಧೀಶರ ಪೀಠ ಅದನ್ನು ಮಿತಗೊಳಿಸಿತು. ಹದಿನಾಲ್ಕು ವರ್ಷದವರೆಗೆ ಉಚಿತ ಶಿಕ್ಷಣ ಮೂಲಭೂತ ಹಕ್ಕು, ಆಮೇಲೆ ಅದು ಸರ್ಕಾರದ ಆರ್ಥಿಕ ಶಕ್ತಿಗೆ ಒಳಪಟ್ಟದ್ದು ಎಂದಿತು. 2002ರ 86ನೆಯ ತಿದ್ದುಪಡಿ 21-ಎ ವಿಧಿಯನ್ನು ಸೇರಿಸಿತು. 2009ರಲ್ಲಿ ಆದ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು.

ಹಲಗೆಯ ಮೇಲೆ 1950, 1960, 1992, 1993, 2002, 2010 ಎಂದು ಸಾಲಾಗಿ ಬರೆದಿದ್ದೆ. 1960 ಯಾಕೆಂದರೆ, ಮೂಲ ಸಂವಿಧಾನದ 45ನೆಯ ವಿಧಿ ಹತ್ತು ವರ್ಷದೊಳಗೆ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ನೀಡಲು ಪ್ರಯತ್ನಿಸಬೇಕೆಂದು ಹೇಳಿತ್ತು. ಅದು ರಾಜ್ಯನೀತಿಯ ನಿರ್ದೇಶಕ ತತ್ವ, ನ್ಯಾಯಾಲಯದಲ್ಲಿ ಕೇಳಿ ಪಡೆಯುವಂಥದ್ದಲ್ಲ. "ಹತ್ತು ವರ್ಷ ಅಂದಿದ್ದು ಅರವತ್ತು ವರ್ಷ ಆತಲ್ರಿ" ಎಂದು ಒಬ್ಬಳು ಲೆಕ್ಕ ಹಾಕಿದಳು. ನಿರ್ದೇಶಕ ತತ್ವಕ್ಕೂ ಮೂಲಭೂತ ಹಕ್ಕಿಗೂ ಇರುವ ವ್ಯತ್ಯಾಸವನ್ನು ಹೇಳಲು ನನಗೆ ಬೇರೆ ಉದಾಹರಣೆ ಬೇಕಾಗಲಿಲ್ಲ.

ಆಗ ಕಿಟಕಿಯ ಪಕ್ಕ ಕುಳಿತಿದ್ದ ಹುಡುಗಿ ಕೇಳಿದಳು. ಸಾಮಾನ್ಯವಾಗಿ ಮಾತಾಡದವಳು.

"ಟೀಚರ್, ಆರರಿಂದ ಹದಿನಾಲ್ಕು ಅಂದ್ರಿ. ನನಗ ಹದಿನೈದು ನಡದೈತ್ರಿ. ಹಂಗಾದ್ರ ನನ್ನ ಹಕ್ಕು ಮುಗೀತೇನ್ರಿ?"

ಗಂಟೆ ಬಾರಿಸಿತು. ಈ ಪ್ರಶ್ನೆಗೆ ನಾಳಿನ ಪೂರ್ತಿ ಅವಧಿ ಕೊಡೋಣ ಎಂದು ಹೇಳಿ ಹೊರಗೆ ಬಂದೆ. ಮಾರ್ಗದರ್ಶಕ ಶಿಕ್ಷಕಿ ಮೇಡಂ ವರಾಂಡದಲ್ಲಿ ನನಗೆ ಹೇಳಿದರು: ಅವಳ ತಂದೆತಾಯಿ ದೀಪಾವಳಿಗೆ ಮುಂಚೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತಾರೆ, ಮುಕ್ಕಾದಮನಿಂದ ಮುಂಗಡ ಪಡೆದಾಗಿದೆ, ಈ ಸಲ ಹುಡುಗಿಯನ್ನೂ ಕರೆದೊಯ್ಯುವ ಮಾತು ನಡೆದಿದೆ. ಹಕ್ಕುಗಳ ಅಧ್ಯಾಯದ ಬಗ್ಗೆ ಕೇಳಿದ ಪ್ರಶ್ನೆ ಅಲ್ಲ ಅದು ಎಂದು ಆಗ ತಿಳಿಯಿತು.

ಗ್ರಂಥಾಲಯದ ಸಂಜೆ

ಆ ಸಂಜೆ ಕಾಲೇಜಿನ ಗ್ರಂಥಾಲಯದಲ್ಲಿ ಸಂವಿಧಾನದ ಕನ್ನಡ ಪ್ರತಿಯನ್ನೂ ಶಿಕ್ಷಣ ಹಕ್ಕು ಕಾಯ್ದೆಯನ್ನೂ ಎದುರಿಗೆ ಇಟ್ಟುಕೊಂಡೆ. ನೇರ ಉತ್ತರ ಬೇಗನೆ ಸಿಕ್ಕಿತು, ಅದು ಹಿತವಾದದ್ದಲ್ಲ. 21-ಎ ವಿಧಿ ಹದಿನಾಲ್ಕಕ್ಕೆ ನಿಲ್ಲುತ್ತದೆ. ಕಾಯ್ದೆ ಎಂಟನೆಯ ತರಗತಿಗೆ ನಿಲ್ಲುತ್ತದೆ. ತಡವಾಗಿ ಶಾಲೆಗೆ ಸೇರಿದ ಮಗುವಿಗೆ ವಯಸ್ಸು ಹದಿನಾಲ್ಕು ದಾಟಿದರೂ ಎಂಟನೆಯ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣ ಉಂಟು ಎಂಬ ಮಾತು 4ನೆಯ ಕಲಮಿನಲ್ಲಿದೆ, ಅಷ್ಟೇ. ವಲಸೆ ಹೋಗುವ ಕುಟುಂಬಗಳ ಮಕ್ಕಳ ದಾಖಲಾತಿ ಸ್ಥಳೀಯ ಪ್ರಾಧಿಕಾರದ ಹೊಣೆ ಎಂದು 9ನೆಯ ಕಲಮು ಹೇಳುತ್ತದೆ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು 5ನೆಯ ಕಲಮು ಹೇಳುತ್ತದೆ. ಎರಡೂ ಅವಳ ತಮ್ಮನಿಗೆ ಅನ್ವಯಿಸುತ್ತವೆ. ಅವನು ಐದನೆಯ ತರಗತಿ. ಒಂಬತ್ತನೆಯ ತರಗತಿಯ ಅವಳಿಗೆ ಇಲ್ಲ.

ಹದಿನಾಲ್ಕು ಎಂಬ ಅಂಕಿ ಎಲ್ಲಿಂದ ಬಂತು ಎಂದು ಹುಡುಕಿದಾಗ ಒಂದು ಮುಖ್ಯ ವಿಷಯ ಸಿಕ್ಕಿತು. 1948ರ ನವೆಂಬರ್ 23ರಂದು ಸಂವಿಧಾನ ಸಭೆಯಲ್ಲಿ ಈ ವಿಧಿಯ ಕರಡಿನ ಚರ್ಚೆಯಾಯಿತು. ಪ್ರಾಥಮಿಕ ಶಿಕ್ಷಣಕ್ಕಷ್ಟೇ ಇದನ್ನು ಸೀಮಿತಗೊಳಿಸಬೇಕು ಎಂಬ ಸಲಹೆ ಬಂದಾಗ ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಹದಿನಾಲ್ಕರೊಳಗಿನ ಮಗುವನ್ನು ದುಡಿಮೆಗೆ ಹಚ್ಚಬಾರದೆಂದು ಇನ್ನೊಂದು ವಿಧಿಯಲ್ಲಿ ಹೇಳಿದ್ದೇವೆ, ದುಡಿಯಬಾರದ ಮಗು ಶಾಲೆಯಲ್ಲಿರಬೇಕಲ್ಲವೇ ಎಂಬುದು ಅವರ ತರ್ಕದ ತಿರುಳು. ಅಂದರೆ ನನ್ನ ತರಗತಿಯ ಎರಡು ಪ್ರಶ್ನೆಗಳು ಒಂದೇ ಬೇರಿನವು. ದುಡಿಮೆಯ ವಯಸ್ಸು ಮತ್ತು ಶಾಲೆಯ ವಯಸ್ಸು ಒಂದಕ್ಕೊಂದು ಜೋಡಿಸಿಯೇ ಹುಟ್ಟಿದವು.

ಆ ಜೋಡಣೆ ಈಗ ಸಡಿಲವಾಗಿದೆ ಎಂದು ನನಗೆ ಅನಿಸುತ್ತದೆ. 2016ರ ತಿದ್ದುಪಡಿ ಹದಿನಾಲ್ಕರಿಂದ ಹದಿನೆಂಟರ ನಡುವಿನವರನ್ನು ಕಿಶೋರರು ಎಂದು ಬೇರೆಯಾಗಿ ಗುರುತಿಸಿ ಗಣಿ, ಸ್ಫೋಟಕ ವಸ್ತು, ಅಪಾಯಕಾರಿ ಪ್ರಕ್ರಿಯೆಗಳಿಂದ ಅವರನ್ನು ದೂರವಿಟ್ಟಿತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಹುಡುಗಿಗೆ ಹದಿನೆಂಟು. 2012ರ ಪೋಕ್ಸೊ ಕಾಯ್ದೆಯಲ್ಲಿ ಹದಿನೆಂಟು. 2015ರ ಬಾಲನ್ಯಾಯ ಕಾಯ್ದೆಯಲ್ಲೂ ಹದಿನೆಂಟು. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲೂ ಹದಿನೆಂಟೇ. ಇಷ್ಟು ಕಾನೂನುಗಳು ಅವಳನ್ನು ಮಗು ಎಂದು ಕರೆಯುತ್ತವೆ. ಶಾಲೆಯ ವಿಷಯಕ್ಕೆ ಬಂದಾಗ ಮಾತ್ರ ಅವಳು ಮಗು ಅಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2030ರೊಳಗೆ ಪ್ರೌಢಶಿಕ್ಷಣ ಎಲ್ಲರಿಗೂ ತಲುಪಬೇಕು ಎನ್ನುತ್ತದೆ. ಆದರೆ ನೀತಿ ಬೇರೆ, ಹಕ್ಕು ಬೇರೆ. 1960ರ ಗಡುವಿನ ಕಥೆ ಕೇಳಿದ ನನ್ನ ಮಕ್ಕಳಿಗೆ ಆ ವ್ಯತ್ಯಾಸ ಗೊತ್ತು.

ಮೂರನೆಯ ಪಾಠ

ಪಾಠಯೋಜನೆಯನ್ನು ಆ ರಾತ್ರಿ ಹೊಸದಾಗಿ ಬರೆದೆ. ಉದ್ದೇಶದ ಜಾಗದಲ್ಲಿ 'ವಿದ್ಯಾರ್ಥಿಗಳು ಆರು ಮೂಲಭೂತ ಹಕ್ಕುಗಳನ್ನು ಪಟ್ಟಿ ಮಾಡುವರು' ಎಂದಿದ್ದುದನ್ನು ತೆಗೆದು, 'ಒಂದು ಹಕ್ಕಿಗೆ ಕುಂದು ಬಂದಾಗ ಅದು ಯಾರ ಕರ್ತವ್ಯ, ಯಾರನ್ನು ಕೇಳಬೇಕು ಎಂಬುದನ್ನು ಗುರುತಿಸುವರು' ಎಂದು ಬರೆದೆ.

ಮರುದಿನ ಅವಳಿಗೆ ನೇರವಾಗಿ ಉತ್ತರ ಹೇಳಿದೆ. ಹೌದು, 21-ಎ ವಿಧಿಯ ಹಕ್ಕು ಹದಿನಾಲ್ಕಕ್ಕೆ ಮುಗಿಯುತ್ತದೆ. 24ನೆಯ ವಿಧಿಯನ್ನು ಬಿಟ್ಟರೆ ಉಳಿದವು ಮುಗಿಯುವುದಿಲ್ಲ, ಯಾಕೆಂದರೆ ಅವುಗಳಿಗೆ ವಯಸ್ಸಿನ ಗೆರೆಯೇ ಇಲ್ಲ. ಕಾನೂನಿನ ಮುಂದೆ ಸಮಾನತೆ, ಅಸ್ಪೃಶ್ಯತೆಯ ನಿಷೇಧ, ಮಾತಿನ ಸ್ವಾತಂತ್ರ್ಯ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ, ಬಲವಂತದ ದುಡಿಮೆಯ ನಿಷೇಧ ಇವು ಹುಟ್ಟಿದಂದಿನಿಂದ ಸಾಯುವವರೆಗೆ. ಇದಕ್ಕೆ ಸಾಕ್ಷಿಯಾಗಿ ಪಕ್ಕದ ಕೇರಳದ ಪ್ರಕರಣ ಹೇಳಿದೆ. 1985ರಲ್ಲಿ ಅಲ್ಲಿನ ಒಂದು ಶಾಲೆಯ ಮೂವರು ಒಡಹುಟ್ಟಿದ ಮಕ್ಕಳು, ಹತ್ತನೆಯ, ಒಂಬತ್ತನೆಯ ಮತ್ತು ಐದನೆಯ ತರಗತಿಯವರು, ರಾಷ್ಟ್ರಗೀತೆಯ ಸಮಯದಲ್ಲಿ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ಧಾರ್ಮಿಕ ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. ಶಾಲೆಯಿಂದ ಅವರನ್ನು ಹೊರಹಾಕಲಾಯಿತು. 1986ರಲ್ಲಿ ಸರ್ವೋಚ್ಚ ನ್ಯಾಯಾಲಯ ಬಿಜೋ ಇಮ್ಯಾನುಯೆಲ್ ಪ್ರಕರಣದ ತೀರ್ಪಿನಲ್ಲಿ, ಅದು ಆ ಮಕ್ಕಳ ಅಭಿವ್ಯಕ್ತಿ ಮತ್ತು ಆತ್ಮಸಾಕ್ಷಿಯ ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ಹೇಳಿ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಮಕ್ಕಳು ಅವರ ನಿಲುವನ್ನು ಒಪ್ಪಿದರೋ ಇಲ್ಲವೋ ಬೇರೆ ಮಾತು. ಇಬ್ಬರು ಜೋರಾಗಿಯೇ ವಾದ ಮಾಡಿದರು. "ಒಂಬತ್ತನೇತ್ತೆ ಹುಡುಗಿ ಸುಪ್ರೀಂ ಕೋರ್ಟಿಗೆ ಹೋಗಿದ್ಲಾ?" ಎಂಬ ಅಚ್ಚರಿ ಎಲ್ಲರಲ್ಲೂ ಇತ್ತು. ನನಗೆ ಬೇಕಾದದ್ದು ಆ ಅಚ್ಚರಿಯೇ.

ನಂತರ ಹಲಗೆಯಲ್ಲಿ ಮೂರು ಅಂಕಣ ಹಾಕಿದೆ: ಹಕ್ಕು, ಯಾರ ಕರ್ತವ್ಯ, ಯಾರಿಗೆ ಹೇಳಬೇಕು. ಗುಂಪುಗಳಿಗೆ ಒಂದೊಂದು ಸನ್ನಿವೇಶ ಕೊಟ್ಟೆ. ನಳದ ನೀರು ಹಿಡಿಯಲು ಒಂದು ಓಣಿಯವರಿಗೆ ಬಿಡದಿರುವುದು. ಮುಂಗಡ ತೀರುವವರೆಗೆ ಊರಿಗೆ ಹೋಗಬಾರದೆಂದು ಕೂಲಿಯವರನ್ನು ತಡೆಯುವುದು. ಹದಿನಾರರ ಹುಡುಗಿಗೆ ಮದುವೆ ಗೊತ್ತುಮಾಡುವುದು. ತರಗತಿಯಲ್ಲಿ ಹೊಡೆಯುವುದು. ಮೊದಲ ಅಂಕಣವನ್ನು ಎಲ್ಲ ಗುಂಪುಗಳೂ ಬೇಗ ತುಂಬಿದವು. ಮೂರನೆಯದು ಖಾಲಿ ಉಳಿಯಿತು. ಒಂದು ಗುಂಪು "ದೇವರಿಗೆ" ಎಂದು ಬರೆದಿತ್ತು, ತಮಾಷೆಗಲ್ಲ.

ನಮ್ಮ ಘಟಕದ ಕೊರತೆ ಇರುವುದು ಆ ಮೂರನೆಯ ಅಂಕಣದಲ್ಲಿ. 32ನೆಯ ವಿಧಿ ಸಂವಿಧಾನದ ಹೃದಯ ಮತ್ತು ಆತ್ಮ ಎಂದು ಅಂಬೇಡ್ಕರ್ ಹೇಳಿದ್ದನ್ನು ಎಲ್ಲರೂ ಬಾಯಿಪಾಠ ಮಾಡಿಸುತ್ತೇವೆ. ಐದು ರಿಟ್‌ಗಳ ಹೆಸರನ್ನೂ ಹೇಳಿಸುತ್ತೇವೆ. ಆದರೆ ತಿಕೋಟಾದ ಮಗುವಿಗೆ ದೆಹಲಿ ದೂರ. 226ನೆಯ ವಿಧಿಯ ಪ್ರಕಾರ ಉಚ್ಚ ನ್ಯಾಯಾಲಯಕ್ಕೂ ಹೋಗಬಹುದು. ನಮ್ಮ ಜಿಲ್ಲೆಗೆ ಅದು ಬೆಂಗಳೂರಲ್ಲ, ಕಲಬುರಗಿಯ ಪೀಠ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾದ ಅದು 2013ರಲ್ಲಿ ಕಾಯಂ ಪೀಠವಾಯಿತು. ಅದಕ್ಕಿಂತ ಹತ್ತಿರ ವಿಜಯಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಅದಕ್ಕೂ ಹತ್ತಿರ ಮಕ್ಕಳ ಸಹಾಯವಾಣಿ 1098, ಗ್ರಾಮ ಪಂಚಾಯಿತಿ, ಶಾಲೆಯ ಮುಖ್ಯಗುರುಗಳು. ಹದಿನಾಲ್ಕರೊಳಗಿನ ಮಗುವಿನ ಶಿಕ್ಷಣ ಹಕ್ಕಿಗೆ ಸಂಬಂಧಿಸಿ ಯಾರೇ ಆಗಲಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ಅದು ಇತ್ಯರ್ಥವಾಗಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 32ನೆಯ ಕಲಮು ಹೇಳುತ್ತದೆ. ಸಂವಿಧಾನದ 32, ಕಾಯ್ದೆಯ 32. ಮಕ್ಕಳಿಗೆ ನೆನಪಿಡಲು ಅನುಕೂಲವಾಯಿತು.

ಆ ದಿನದ ಅವಲೋಕನ ಪುಸ್ತಕದಲ್ಲಿ ಮೇಲ್ವಿಚಾರಕ ಗುರುಗಳು ವಿದ್ಯಾರ್ಥಿಗಳ ಭಾಗವಹಿಸುವಿಕೆ ಉತ್ತಮವೆಂದೂ, ಘಟಕದ ಎಲ್ಲ ಅಂಶಗಳು ನಿಗದಿತ ಅವಧಿಯಲ್ಲಿ ಮುಗಿದಿಲ್ಲವೆಂದೂ ಬರೆದರು. ಎರಡೂ ನಿಜ. ಚರ್ಚೆಯಲ್ಲಿ ನನ್ನ ವಾದ ಇಷ್ಟೇ ಆಗಿತ್ತು: ಸಾಂಸ್ಕೃತಿಕ ಹಕ್ಕನ್ನು ಮುಂದಿನ ಅವಧಿಯಲ್ಲಿ ಮುಗಿಸಬಹುದು, ಕಬ್ಬಿನ ಗಾಡಿ ಮುಂದಿನ ಅವಧಿಗೆ ಕಾಯುವುದಿಲ್ಲ. ಅವರು ನಕ್ಕು, ಪರೀಕ್ಷೆಯೂ ಕಾಯುವುದಿಲ್ಲ ಎಂದರು. ಒಂದು ಹೆಚ್ಚುವರಿ ಅವಧಿ ಕೊಡಿಸಿದರು.

ತಾಯಿಯ ವಾದ

ಮಾರ್ಗದರ್ಶಕ ಶಿಕ್ಷಕಿ ಆ ವಾರ ಹುಡುಗಿಯ ಮನೆಗೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ಪಾಲಕರನ್ನು ಕಂಡು ಮಗುವಿನ ಹಾಜರಾತಿ, ಕಲಿಕೆಯ ಬಗ್ಗೆ ಮಾತಾಡುವುದು ಶಿಕ್ಷಕರ ಕರ್ತವ್ಯಗಳಲ್ಲಿ ಒಂದೆಂದು ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಕಲಮು ಹೇಳುತ್ತದೆ. ಅವರು ಕಾಯ್ದೆಗೆ ಮುಂಚಿನಿಂದಲೂ ಅದನ್ನು ಮಾಡುತ್ತ ಬಂದವರು.

ತಾಯಿ ನಮ್ಮನ್ನು ಕೂಡಿಸಿ ಚಹಾ ಕೊಟ್ಟು ಕೇಳಿದ ಮಾತು ನನ್ನ ಟಿಪ್ಪಣಿ ಪುಸ್ತಕದಲ್ಲಿದೆ. "ಅಕ್ಕೋರ, ಓದೋದು ನನಗೂ ಬೇಕ್ರಿ. ಆದ್ರ ಬೆಳದ ಹುಡಿಗಿನ್ನ ಐದು ತಿಂಗಳು ಯಾರ ಕೈಯಾಗ ಬಿಟ್ಟು ಹೋಗ್ಲಿ? ಹಕ್ಕು ಐತಿ ಅಂತೀರಿ. ಆ ಹಕ್ಕು ರಾತ್ರಿ ಬಾಗಲಾ ಕಾಯ್ತದೇನ್ರಿ?"

ದುಡ್ಡಿಗಾಗಿ ಮಗಳನ್ನು ಶಾಲೆ ಬಿಡಿಸುವ ತಾಯಿ ಎಂಬ ಚಿತ್ರ ನಮ್ಮ ಭಾಷಣಗಳಲ್ಲಿ ಸುಲಭವಾಗಿ ಸಿಗುತ್ತದೆ. ಈ ತಾಯಿ ಹೇಳಿದ್ದು ಬೇರೆ. ಅವಳು ಮಗಳ ಸುರಕ್ಷತೆಯನ್ನು ಕೇಳುತ್ತಿದ್ದಳು, ಅದೂ 21ನೆಯ ವಿಧಿಯೊಳಗಿನ ವಿಷಯವೇ. ಒಂದು ಹಕ್ಕನ್ನು ಉಳಿಸಲು ಇನ್ನೊಂದನ್ನು ಬಿಡಬೇಕಾದ ಇಕ್ಕಟ್ಟಿನಲ್ಲಿ ಅವಳಿದ್ದಳು. ಕಾಯ್ದೆಯ ಪ್ರತಿ ನನ್ನ ಚೀಲದಲ್ಲಿತ್ತು. ಅದನ್ನು ಹೊರತೆಗೆಯುವ ಹೊತ್ತು ಅದಲ್ಲ. ಶಿಕ್ಷಕಿ ಮೇಡಂ ಮೆಟ್ರಿಕ್ ಪೂರ್ವ ಬಾಲಕಿಯರ ವಿದ್ಯಾರ್ಥಿನಿಲಯದ ವಿಷಯ ತೆಗೆದರು. ಪ್ರವೇಶದ ದಿನ ಮುಗಿದಿದ್ದರೂ ತೆರವಾದ ಜಾಗ ಇದ್ದರೆ ಕೊಡಬೇಕೆಂದು ಮುಖ್ಯಗುರುಗಳ ಮೂಲಕ ಪತ್ರ ಬರೆಸುವುದಾಗಿ ಹೇಳಿದರು. ಆ ವಾರವೇ ಬರೆಸಿದರು. ಉತ್ತರ ಬರುವವರೆಗೆ ಚಿಕ್ಕಮ್ಮನ ಮನೆಯಲ್ಲಿ ಇರಿಸಲು ತಾಯಿ ಒಪ್ಪಿದಳು, ವಾರಕ್ಕೊಮ್ಮೆ ಶಿಕ್ಷಕಿಯ ಫೋನಿನಿಂದ ಮಗಳು ಮಾತಾಡಬೇಕೆಂಬ ಷರತ್ತಿನ ಮೇಲೆ. ತಮ್ಮ ಮಾತ್ರ ಅವರೊಂದಿಗೆ ಹೋದ. ಅಲ್ಲಿನ ಶಾಲೆಯಲ್ಲಿ ಅವನನ್ನು ಸೇರಿಸಿಕೊಳ್ಳಲು ಬೇಕಾದ ಪತ್ರವನ್ನು ಅವನ ಶಾಲೆಯ ಮುಖ್ಯಗುರುಗಳು ಅದೇ ದಿನ ಕೈಗೆ ಕೊಟ್ಟರು.

ನನ್ನ ಬೋಧನಾಭ್ಯಾಸ ಮುಗಿಯುವ ದಿನದವರೆಗೆ ಹಾಜರಿಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಹಾಜರಿ ಇತ್ತು. ವಿದ್ಯಾರ್ಥಿನಿಲಯದ ಉತ್ತರ ಆಗಲೂ ಬಂದಿರಲಿಲ್ಲ. ಅವಳನ್ನು ಶಾಲೆಯಲ್ಲಿ ಉಳಿಸಿದ್ದು ಒಂದು ವಿಧಿಯಲ್ಲ. ಒಬ್ಬ ಶಿಕ್ಷಕಿ, ಒಬ್ಬ ಚಿಕ್ಕಮ್ಮ, ಒಂದು ಫೋನು. ಇದು ಸಂತೋಷದ ವಿಷಯ, ಜೊತೆಗೆ ಚಿಂತೆಯ ವಿಷಯ ಕೂಡ. ಶಿಕ್ಷಕಿಗೆ ವರ್ಗವಾದರೆ, ಚಿಕ್ಕಮ್ಮನಿಗೆ ಆಗದಿದ್ದರೆ, ಅವಳು ಯಾರನ್ನೂ ಕಾನೂನಿನ ಹೆಸರಿನಲ್ಲಿ ಕೇಳುವಂತಿಲ್ಲ. ಯಾರದೋ ಒಳ್ಳೆಯತನದ ಮೇಲೆ ನಿಲ್ಲಬೇಕಾಗಬಾರದು ಎಂದೇ ಹಕ್ಕುಗಳನ್ನು ಬರೆದಿರುವುದು.

ಶಿಕ್ಷಕರೂ ಎದುರು ಪಕ್ಷ

ಹಕ್ಕುಗಳನ್ನು ಬೋಧಿಸುವಾಗ ನಾವು ನಮ್ಮನ್ನು ಮಕ್ಕಳ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತೇವೆ. 12ನೆಯ ವಿಧಿಯನ್ನು ಓದಿದರೆ ಚಿತ್ರ ಬದಲಾಗುತ್ತದೆ. ಮೂಲಭೂತ ಹಕ್ಕುಗಳು ಮುಖ್ಯವಾಗಿ ರಾಜ್ಯದ ವಿರುದ್ಧ ಇರುವಂಥವು. ಮಗುವಿನ ಕಣ್ಣಿಗೆ ರಾಜ್ಯ ಎಂದರೆ ಮೊದಲು ಕಾಣುವುದು ಸರ್ಕಾರಿ ಶಾಲೆಯ ಶಿಕ್ಷಕರು. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಬಿಸಿಯೂಟದ ಪಂಕ್ತಿಯಲ್ಲಿ ಯಾರು ಯಾರ ಪಕ್ಕ ಕೂಡುತ್ತಾರೆ, ನೀರಿನ ಲೋಟ ಯಾರ ಕೈಗೆ ಕೊನೆಗೆ ಬರುತ್ತದೆ ಎಂಬಲ್ಲಿ 15 ಮತ್ತು 17ನೆಯ ವಿಧಿಗಳು ದಿನವೂ ಪರೀಕ್ಷೆಗೆ ಒಳಗಾಗುತ್ತವೆ.

ಹಾಜರಿಪುಸ್ತಕವೂ ಹಾಗೆಯೇ. 2013ರಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳ ಕುರಿತ ಪತ್ರಿಕಾ ವರದಿಯನ್ನು ಗಮನಿಸಿ ಕರ್ನಾಟಕ ಉಚ್ಚ ನ್ಯಾಯಾಲಯ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ಕಾರಣವಿಲ್ಲದೆ ಸತತ ಏಳು ದಿನ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗುವೆಂದು ಎಣಿಸಿ ಹುಡುಕಿಕೊಂಡು ಹೋಗುವ ಕ್ರಮ ನಮ್ಮ ರಾಜ್ಯದಲ್ಲಿ ಬಂದದ್ದು ಆ ಪ್ರಕರಣದ ಹಿನ್ನೆಲೆಯಲ್ಲಿ. ಬಾರದ ಮಗುವಿಗೆ ಕನಿಕರದಿಂದ ಹಾಜರಿ ಹಾಕಿದರೆ ಆ ಹುಡುಕಾಟವೇ ಶುರುವಾಗುವುದಿಲ್ಲ. ಗೈರುಹಾಜರಿಯ ಗುರುತು ಕೂಡ ಮಗುವಿನ ಹಕ್ಕನ್ನು ಕಾಯುವ ದಾಖಲೆ.

ಇನ್ನೊಂದು ವಿಷಯ ನಮಗೆ ನೇರವಾಗಿ ಸಂಬಂಧಿಸಿದ್ದು. ಬಿ.ಇಡಿ.ಯಲ್ಲಿ ನಾವೆಲ್ಲರೂ ವ್ಯಕ್ತಿ ಅಧ್ಯಯನ ಬರೆಯುತ್ತೇವೆ. ಮಗುವಿನ ಹೆಸರು, ಜಾತಿ, ತಂದೆಯ ಕುಡಿತ, ಮನೆಯ ಸಾಲ ಎಲ್ಲವನ್ನೂ ಬರೆದು, ಅಂದದ ರಟ್ಟು ಹಾಕಿಸಿ ಸಲ್ಲಿಸುತ್ತೇವೆ. 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿದರು. ಆ ಅರ್ಜಿಯನ್ನು ಹಾಕಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪು ಮಕ್ಕಳನ್ನು ಹೊರಗಿಟ್ಟಿಲ್ಲ. ಆದ್ದರಿಂದ ಈ ಬರಹದಲ್ಲಿ ಹುಡುಗಿಯ ಹೆಸರಿಲ್ಲ, ಊರಿಲ್ಲ, ಜಾತಿ ಇಲ್ಲ. ಬರೆಯುವ ಮೊದಲು ಅವಳನ್ನೂ ಅವಳ ತಾಯಿಯನ್ನೂ ಕೇಳಿದ್ದೇನೆ. ನಮ್ಮ ವ್ಯಕ್ತಿ ಅಧ್ಯಯನದ ನಮೂನೆಯಲ್ಲಿ ಹೆಸರಿನ ಜಾಗಕ್ಕೆ ಒಂದು ಸಂಕೇತಾಕ್ಷರ ಬಂದರೆ ಒಳ್ಳೆಯದು ಎಂದು ಗುರುಗಳಲ್ಲಿ ವಿನಂತಿಸುತ್ತೇನೆ.

ಮುಂದಿನ ಬ್ಯಾಚಿನವರಿಗೆ

ಈ ಘಟಕ ನಿಮಗೆ ಬಂದರೆ ನಾಲ್ಕು ಮಾತು. ಒಂದು, ಶಾಲೆಗೆ ಹೋದ ಮೊದಲ ವಾರವೇ ಆ ಊರಿನ ದುಡಿಮೆಯ ಕ್ಯಾಲೆಂಡರ್ ಕೇಳಿಕೊಳ್ಳಿ: ಚಾಟಣಿ ಯಾವಾಗ, ಗುಳೆ ಯಾವಾಗ, ಒಣದ್ರಾಕ್ಷಿಯ ಕೆಲಸ ಯಾವಾಗ. 23 ಮತ್ತು 24ನೆಯ ವಿಧಿಗಳ ಪಾಠವನ್ನು ಮಕ್ಕಳು ಊರಲ್ಲಿರುವಾಗ, ಅವರು ಹೊರಡುವ ಮುನ್ನ ಇಟ್ಟುಕೊಳ್ಳಿ. ಎರಡು, ಪ್ರತಿ ಹಕ್ಕಿಗೂ ಮೂರು ಅಂಕಣ ಹಾಕಿ. ಮೂರನೆಯ ಅಂಕಣದ ಮಾಹಿತಿಯನ್ನು ಪಾಠಕ್ಕೆ ಮೊದಲೇ ಆ ತಾಲ್ಲೂಕಿನ ಮಟ್ಟದಲ್ಲಿ ಕಲೆಹಾಕಿ. ಮೂರು, ಹಕ್ಕಿನ ಮಿತಿಯನ್ನು ಮಕ್ಕಳಿಂದ ಮುಚ್ಚಿಡಬೇಡಿ. ಹದಿನಾಲ್ಕಕ್ಕೆ ನಿಲ್ಲುತ್ತದೆ ಎಂದರೆ ನಿಲ್ಲುತ್ತದೆ ಎಂದೇ ಹೇಳಿ, ಯಾಕೆ ನಿಲ್ಲುತ್ತದೆ, ನಿಲ್ಲಬೇಕೇ ಎಂದು ಅವರನ್ನೇ ಕೇಳಿ. ನಾಲ್ಕು, ತಾಯಿತಂದೆಯರನ್ನು ಕಾಣಲು ಹೋದಾಗ ಕಾಯ್ದೆಯನ್ನು ಚೀಲದಲ್ಲಿಟ್ಟುಕೊಂಡೇ ಹೋಗಿ, ಮೊದಲು ಅವರ ಮಾತು ಕೇಳಿ.

ಘಟಕ ಪರೀಕ್ಷೆಯಲ್ಲಿ ನಾನು ಒಂದು ಪ್ರಶ್ನೆ ಹೀಗೆ ಕೊಟ್ಟಿದ್ದೆ: ಸಂವಿಧಾನಕ್ಕೆ ಒಂದು ತಿದ್ದುಪಡಿ ತರುವ ಅಧಿಕಾರ ನಿಮಗೆ ಸಿಕ್ಕರೆ ಏನು ಬದಲಿಸುವಿರಿ? 41ರಲ್ಲಿ ಆ ದಿನ ಇದ್ದವರು 30. ಅವರಲ್ಲಿ 19 ಮಕ್ಕಳು 21-ಎ ವಿಧಿಯ ಹದಿನಾಲ್ಕನ್ನು ಹದಿನೆಂಟು ಎಂದು ತಿದ್ದಿದ್ದರು. ದ್ರಾಕ್ಷಿ ತೋಟದ ಪ್ರಶ್ನೆ ಕೇಳಿದ್ದ ಹುಡುಗ 24ನೆಯ ವಿಧಿಯಲ್ಲಿ ಕಾರ್ಖಾನೆ, ಗಣಿ ಎಂಬ ಪದಗಳ ಪಕ್ಕದಲ್ಲಿ 'ಹೊಲ, ತೋಟ' ಎಂದು ಸೇರಿಸಿ, ಕೆಳಗೆ ಸಹಿ ಮಾಡಿದ್ದ. ಆ ಉತ್ತರಗಳಿಗೆ ಪೂರ್ತಿ ಅಂಕ ಕೊಟ್ಟಿದ್ದೇನೆ.